ಉಳ್ಳಾಲ ಶ್ರೀನಿವಾಸ ಮಲ್ಯ: ಜಿಲ್ಲೆಗೆ ಬಾಗಿಲು ತೆರೆದ ಸಂಸದ

ಮಂಗಳೂರಿನಿಂದ ಸುರತ್ಕಲ್ ಕಡೆಗೆ ನೀವು ಎಷ್ಟೋ ಸಲ ಬಸ್ಸಿನಲ್ಲಿ ಹೋಗಿರುತ್ತೀರಿ. ಕೂಳೂರಿನಲ್ಲಿ ಗುರುಪುರ ನದಿಯ ಸೇತುವೆ ದಾಟುತ್ತೀರಿ. ಪಣಂಬೂರಿನಲ್ಲಿ ಎಡಕ್ಕೆ ಬಂದರಿನ ಕ್ರೇನುಗಳು ಕಾಣಿಸುತ್ತವೆ. ಇನ್ನೂ ಮುಂದೆ ಹೋದರೆ ಹೆದ್ದಾರಿಯ ಪಕ್ಕದಲ್ಲೇ, ಸಮುದ್ರದ ದಂಡೆಯವರೆಗೆ ಹಬ್ಬಿದ ಇಂಜಿನಿಯರಿಂಗ್ ಕಾಲೇಜು ಸಿಗುತ್ತದೆ. ಈ ಹೆದ್ದಾರಿ, ಬಂದರು, ಕಾಲೇಜು ಮೂರರ ಹಿಂದೆಯೂ ಒಬ್ಬರೇ ವ್ಯಕ್ತಿಯ ದುಡಿಮೆಯಿದೆ. ಅವರು ಮಂತ್ರಿಯಾಗಿರಲಿಲ್ಲ, ದೊಡ್ಡ ಉದ್ಯಮಿಯೂ ಆಗಿರಲಿಲ್ಲ. ಅವರು ನಮ್ಮ ಜಿಲ್ಲೆಯ ಪಾರ್ಲಿಮೆಂಟ್ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು.

ಮಲ್ಯರು ಹುಟ್ಟಿದ್ದು 1902ರ ನವೆಂಬರ್ 21ರಂದು, ಮಂಗಳೂರಿನ ಕೊಂಕಣಿ ಮಾತಾಡುವ ಗೌಡ ಸಾರಸ್ವತ ಕುಟುಂಬದಲ್ಲಿ. ಕಾಲೇಜು ಓದುತ್ತಿದ್ದಾಗ ಗಾಂಧೀಜಿಯವರ ಕರೆ ಬಂತು. ಪುಸ್ತಕ ಮಡಚಿಟ್ಟು ಚಳುವಳಿಗೆ ಧುಮುಕಿದರು, ಜೈಲನ್ನೂ ಕಂಡರು. ಜಿಲ್ಲೆಯ ಕಾಂಗ್ರೆಸ್ಸಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಬೆಳೆದು ಸಂವಿಧಾನ ರಚನಾ ಸಭೆಗೆ ಮದರಾಸು ಪ್ರಾಂತ್ಯದಿಂದ ಆಯ್ಕೆಯಾದರು. 1952ರ ಪ್ರಥಮ ಮಹಾಚುನಾವಣೆಯಲ್ಲಿ ದಕ್ಷಿಣ ಕನ್ನಡ ಉತ್ತರ ಕ್ಷೇತ್ರದಿಂದ, ಅನಂತರ 1957 ಮತ್ತು 1962ರಲ್ಲಿ ಉಡುಪಿ ಕ್ಷೇತ್ರದಿಂದ ಲೋಕಸಭೆಗೆ ಗೆದ್ದರು. ಅಷ್ಟು ವರ್ಷ ದೆಹಲಿಯಲ್ಲಿದ್ದರೂ ಮಂತ್ರಿ ಪದವಿ ಅವರದಾಗಲಿಲ್ಲ.

ಅವರ ಕೆಲಸದ ಬೆಲೆ ತಿಳಿಯಬೇಕಾದರೆ ಅಂದಿನ ಜಿಲ್ಲೆ ಹೇಗಿತ್ತೆಂಬುದನ್ನು ನೀವು ಸ್ವಲ್ಪ ಊಹಿಸಿಕೊಳ್ಳಬೇಕು. ಪೂರ್ವಕ್ಕೆ ಘಟ್ಟ, ಪಶ್ಚಿಮಕ್ಕೆ ಕಡಲು, ನಡುವೆ ಹತ್ತು ಹನ್ನೆರಡು ಮೈಲಿಗೊಂದು ಹೊಳೆ. ಕರಾವಳಿಯುದ್ದಕ್ಕೂ ಪ್ರಯಾಣ ಮಾಡುವವನು ಹೊಳೆ ಹೊಳೆಯಲ್ಲೂ ಬಸ್ಸಿಳಿದು ದೋಣಿ ಹತ್ತಿ ಆಚೆ ದಡದಲ್ಲಿ ಬೇರೆ ಬಸ್ಸು ಹಿಡಿಯಬೇಕಿತ್ತು. ಮಂಗಳೂರಿಗೆ 1907ರಲ್ಲೇ ರೈಲು ಬಂದಿತ್ತು ನಿಜ, ಆದರೆ ಅದು ಓಡುತ್ತಿದ್ದದ್ದು ದಕ್ಷಿಣಕ್ಕೆ, ಮಲಬಾರಿನ ಮೂಲಕ ಮದರಾಸಿಗೆ. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು, ಕಾಸರಗೋಡು ಕೇರಳದ ಪಾಲಾಯಿತು. ರಾಜಧಾನಿ ಬೆಂಗಳೂರಾಯಿತೇ ಹೊರತು ಘಟ್ಟ ಹತ್ತುವ ರೈಲು ಇರಲಿಲ್ಲ. ಸ್ವಂತ ರಾಜ್ಯದ ರಾಜಧಾನಿಗೆ ರೈಲಿನಲ್ಲಿ ಹೋಗಬೇಕಾದರೆ ಪಾಲಕ್ಕಾಡು ಸುತ್ತಿ ತಮಿಳುನಾಡಿನ ಮೂಲಕ ಹೋಗಬೇಕು!

ನಮ್ಮ ಹಿರಿಯರು ಬಾಳಿದ ಬಂದರು ಪೇಟೆಯ ಸ್ಥಿತಿಯೂ ಅಷ್ಟೇ. ನೇತ್ರಾವತಿ, ಗುರುಪುರ ನದಿಗಳು ಕಡಲು ಸೇರುವ ಅಳಿವೆಯ ಒಳಗಿರುವ ಹಳೆ ಬಂದರಿಗೆ ಮಂಜಿಗಳು, ಸಣ್ಣ ನಾವೆಗಳು ಮಾತ್ರ ಬರುತ್ತಿದ್ದವು. ದೊಡ್ಡ ಹಡಗು ಹೊರಗಡಲಲ್ಲೇ ಲಂಗರು ಹಾಕಿ ನಿಲ್ಲಬೇಕು. ಹೆಂಚು, ಕಾಫಿ, ಗೋಡಂಬಿ ಎಲ್ಲವನ್ನೂ ಸಣ್ಣ ದೋಣಿಗಳಲ್ಲಿ ತುಂಬಿ ಅಲ್ಲಿಗೆ ಒಯ್ಯಬೇಕು. ಮಳೆಗಾಲ ಶುರುವಾದರೆ ಅದೂ ನಿಂತಿತು. ಧಕ್ಕೆಯಲ್ಲಿ ಮೂಟೆ ಹೊರುವವನಿಗೂ ವ್ಯಾಪಾರಿಗೂ ಆ ತಿಂಗಳುಗಳು ಸಾಲದ ತಿಂಗಳುಗಳು.

ಮಲ್ಯರು ಈ ಎಲ್ಲ ಕೊರತೆಗಳನ್ನು ಒಂದೇ ರೋಗದ ಲಕ್ಷಣಗಳೆಂದು ಕಂಡರು ಎಂದು ನನಗನಿಸುತ್ತದೆ. ಬಂದರು ಬೇಕು, ಆದರೆ ಸರಕು ತರಲು ರೈಲು ಬೇಕು. ರೈಲು ಬಂದರೂ ಕರಾವಳಿಯ ಊರುಗಳು ಒಂದಕ್ಕೊಂದು ಸೇರಲು ಸೇತುವೆ ಬೇಕು. ಇವನ್ನೆಲ್ಲ ನಡೆಸಲು ಓದಿದ ಮಕ್ಕಳು ಬೇಕು. ಮೊದಲು ಕೈಗೂಡಿದ್ದು ವಿಮಾನ ನಿಲ್ದಾಣ. ಬಜಪೆಯ ಗುಡ್ಡದ ನೆತ್ತಿ ಸಮತಟ್ಟು ಮಾಡಿ ಕಟ್ಟಿದ ನಿಲ್ದಾಣದಲ್ಲಿ 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಬಂದಿಳಿದರು. ಅದೇ ಗುಡ್ಡದಲ್ಲಿ ಹೊಸ ರನ್‌ವೇ ಆದ ಮೇಲೆ, 2006ರಲ್ಲಿ, ದುಬೈಗೆ ನೇರ ವಿಮಾನ ಹಾರಿತು. ನಿಮ್ಮ ಮನೆಯವರೊಬ್ಬರು ಗಲ್ಫಿನಲ್ಲಿದ್ದರೆ, ಅದಕ್ಕೆ ಮೊದಲು ಮುಂಬಯಿಯ ದಾರಿ ಎಷ್ಟು ಉದ್ದವಿತ್ತೆಂದು ನಾನು ಹೇಳಬೇಕಾಗಿಲ್ಲ.

ಇಲ್ಲಿ ಒಂದು ಮಾತು ನೆನಪಿಡಿ. ಸಂಸದರಿಗೆ ಕ್ಷೇತ್ರಾಭಿವೃದ್ಧಿ ನಿಧಿ ಎಂಬುದು ಬಂದದ್ದು 1993ರ ಕೊನೆಗೆ. ಮಲ್ಯರ ಕೈಯಲ್ಲಿ ಅಂಥ ಒಂದು ರೂಪಾಯಿಯೂ ಇರಲಿಲ್ಲ. ಅಂದು ಒಂದು ಕೆಲಸ ಆಗಬೇಕಾದರೆ ಅದು ಪಂಚವಾರ್ಷಿಕ ಯೋಜನೆಯ ಪಟ್ಟಿಯಲ್ಲಿ ಸೇರಬೇಕು. ಅದಕ್ಕಾಗಿ ರಾಜ್ಯದವರನ್ನು ಒಪ್ಪಿಸಬೇಕು, ಯೋಜನಾ ಆಯೋಗದವರ ಬಾಗಿಲು ಬಡಿಯಬೇಕು, ತಜ್ಞರ ಸಮಿತಿಗಳಿಗೆ ಉತ್ತರ ಕೊಡಬೇಕು. ಮಲ್ಯರು ಮಾಡಿದ್ದು ಈ ಬೇಸರದ ಕೆಲಸವನ್ನೇ.

ಸುರತ್ಕಲ್ ಕಾಲೇಜು ಅದಕ್ಕೊಂದು ಉದಾಹರಣೆ. ಕೇಂದ್ರ ಸರಕಾರ ರಾಜ್ಯಗಳ ಜೊತೆ ಸೇರಿ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜುಗಳನ್ನು ತೆರೆಯಲು ಹೊರಟಿತು; ಅರ್ಧ ಸೀಟು ಆಯಾ ರಾಜ್ಯದ ಮಕ್ಕಳಿಗೆ, ಉಳಿದರ್ಧ ಹೊರರಾಜ್ಯದವರಿಗೆ. ಮೈಸೂರು ರಾಜ್ಯದ ಪಾಲಿಗೆ ಬಂದ ಕಾಲೇಜು ಬೆಂಗಳೂರಿಗೋ ಮೈಸೂರಿಗೋ ಹೋಗಿದ್ದರೆ ಯಾರೂ ಆಶ್ಚರ್ಯಪಡುತ್ತಿರಲಿಲ್ಲ. ಅದು ಬಂದದ್ದು ಸುರತ್ಕಲ್ಲಿನ ಮರಳು ನೆಲಕ್ಕೆ. 1960ರ ಆಗಸ್ಟ್‌ನಲ್ಲಿ ಆರಂಭವಾಯಿತು. ಆಗ ಜಿಲ್ಲೆಯಲ್ಲಿದ್ದ ಇನ್ನೊಂದು ಇಂಜಿನಿಯರಿಂಗ್ ಕಾಲೇಜೆಂದರೆ 1957ರಲ್ಲಿ ಮಣಿಪಾಲದಲ್ಲಿ ಶುರುವಾದ ಖಾಸಗಿ ಕಾಲೇಜು. ಹಣವಿಲ್ಲದ ಮನೆಯ, ಅಂಕವಿದ್ದ ಹುಡುಗನಿಗೆ ಊರಲ್ಲೇ ಸರಕಾರಿ ಸೀಟು ಸಿಗುವುದು ಎಷ್ಟು ದೊಡ್ಡ ಸಂಗತಿಯೆಂದು ವಿದ್ಯಾಸಂಸ್ಥೆ ನಡೆಸುವ ನಮಗೆ ಚೆನ್ನಾಗಿ ಗೊತ್ತು.

ಬಂದರಿನ ಕಥೆ ಇನ್ನೂ ದೀರ್ಘ. ಸಹಜ ಬಂದರಿನ ಅನುಕೂಲವಿದ್ದ ಕಾರವಾರವೂ 1956ರ ನಂತರ ಇದೇ ರಾಜ್ಯದಲ್ಲಿತ್ತು. ಪಣಂಬೂರಿನಲ್ಲಿ ಅಂಥ ಕೊಲ್ಲಿಯೇನೂ ಇಲ್ಲ; ಕಡಲಿಗೆ ಕಲ್ಲಿನ ತಡೆಗೋಡೆ ಕಟ್ಟಿ, ನೆಲ ಅಗೆದು ನೀರನ್ನು ಒಳಕ್ಕೆ ತರಬೇಕು. ಹಾಗಿದ್ದೂ ಸರ್ವಋತು ಬಂದರಿಗೆ ಮಂಜೂರಾತಿ ದೊರೆತು 1962ರಲ್ಲಿ ಕೆಲಸ ಆರಂಭವಾಯಿತು.

ಇದಕ್ಕೊಂದು ಬೆಲೆಯೂ ಇತ್ತು, ಅದನ್ನು ಹೇಳದೆ ಮುಂದೆ ಹೋಗುವುದು ನ್ಯಾಯವಲ್ಲ. ಪಣಂಬೂರು ಸುತ್ತಿನ ಕುಟುಂಬಗಳು ಮನೆ, ಗದ್ದೆ, ತೋಟ ಬಿಟ್ಟು ಏಳಬೇಕಾಯಿತು. ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ಅವರಿಗೆ ಹೊಸ ನೆಲೆ ಕೊಟ್ಟರು. ಅವರಲ್ಲಿ ನಮ್ಮವರೂ ಇದ್ದರು. ಗದ್ದೆ ಉಳುತ್ತಿದ್ದವನು ಸೈಟಿನ ನಂಬರಿನ ಮನೆಗೆ ಹೋಗಿ ಕೂಲಿ ಹುಡುಕುವುದು ಸುಲಭದ ಮಾತಲ್ಲ. ಜಿಲ್ಲೆಗೆ ಬಂದ ಲಾಭದ ಲೆಕ್ಕದಲ್ಲಿ ಆ ಮನೆಗಳ ಹೆಸರು ಮೊದಲು ಬರಬೇಕು.

ಮಲ್ಯರು 1965ರ ಡಿಸೆಂಬರ್ 19ರಂದು ತೀರಿಕೊಂಡರು, ವಯಸ್ಸು 63. ಬಂದರು ಆಗಿನ್ನೂ ಅರೆಬರೆ. ಅವರಿದ್ದ ಉಡುಪಿ ಕ್ಷೇತ್ರ 1967ರಲ್ಲಿ ಸ್ವತಂತ್ರ ಪಕ್ಷದ ಜೆ. ಎಂ. ಲೋಬೊ ಪ್ರಭು ಅವರ ಪಾಲಾಯಿತು. ನವಮಂಗಳೂರು ಬಂದರು ದೇಶದ ಒಂಬತ್ತನೆಯ ಮಹಾಬಂದರೆಂದು ಘೋಷಣೆಯಾದದ್ದು 1974ರ ಮೇ 4ರಂದು. ಉದ್ಘಾಟನೆಗೆ ಇಂದಿರಾ ಗಾಂಧಿ ಬಂದದ್ದು 1975ರ ಜನವರಿಯಲ್ಲಿ. ರಸಗೊಬ್ಬರ ಕಾರ್ಖಾನೆ, ಕುದುರೆಮುಖದ ಅದಿರು, ತೈಲ ಸಂಸ್ಕರಣಾಗಾರ ಎಲ್ಲವೂ ಆ ಬಂದರಿನ ಬೆನ್ನು ಹಿಡಿದು ಬಂದವು. ಹಾಸನದ ರೈಲು ಘಟ್ಟದಲ್ಲಿ 57 ಸುರಂಗ ದಾಟಿ ಮಂಗಳೂರು ತಲುಪುವಾಗ 1979 ಆಗಿತ್ತು. ಕಾಲೇಜು 2002ರಲ್ಲಿ ರಾಷ್ಟ್ರೀಯ ತಾಂತ್ರಿಕ ಸಂಸ್ಥೆ, ಎನ್‌ಐಟಿಕೆ, ಆಯಿತು. ಅದರ ಅಂಚೆ ವಿಳಾಸ ಮಾತ್ರ ಶ್ರೀನಿವಾಸನಗರ. ನಿಮ್ಮ ಮಗನಿಗೋ ಮಗಳಿಗೋ ಅಲ್ಲಿ ಸೀಟು ಸಿಕ್ಕಿದರೆ ನೀವು ಬರೆಯಬೇಕಾದ ವಿಳಾಸವೂ ಅದೇ.