ಪೇಟನ್ ರೌಸರು ಮತ್ತು ಕೋಳಿಯ ಗಡ್ಡೆ

ಅಮೆರಿಕದ ಬಾಲ್ಟಿಮೋರಿನಲ್ಲಿ 1879ರಲ್ಲಿ ಜನಿಸಿದ ಪೇಟನ್ ರೌಸರು ವೈದ್ಯವಿದ್ಯಾರ್ಥಿಯಾಗಿದ್ದಾಗ ಶವಪರೀಕ್ಷೆಯಲ್ಲಿ ಬೆರಳಿಗೆ ಗಾಯವಾಗಿ ಕ್ಷಯರೋಗಕ್ಕೆ ತುತ್ತಾದರು. ಟೆಕ್ಸಾಸಿನ ದನಗಾವಲಿನಲ್ಲಿದ್ದು ಗುಣ ಹೊಂದಿದರು.

ಮುಂದೆ 1909ರಲ್ಲಿ, ಅವರಿದ್ದ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಗೆ ಎದೆಯಲ್ಲಿ ಗಡ್ಡೆ ಬೆಳೆದ ಕೋಳಿಯೊಂದು ಬಂದಿತು. ರೌಸರು ಆ ಗಡ್ಡೆಯನ್ನು ಅರೆದು, ಜೀವಕೋಶವೊಂದೂ ಹಾಯಲಾರದಷ್ಟು ಸೂಕ್ಷ್ಮವಾದ ಶೋಧಕದಲ್ಲಿ ಸೋಸಿ, ರಸವನ್ನು ಆರೋಗ್ಯವಂತ ಕೋಳಿಗಳಿಗೆ ಚುಚ್ಚಿದರು. ಅವುಗಳಿಗೂ ಗಡ್ಡೆಯೆದ್ದಿತು! 1911ರಲ್ಲಿ ಇದನ್ನು ಪ್ರಕಟಿಸಿದಾಗ ಪಂಡಿತರು ನಂಬಲಿಲ್ಲ. ಕೋಳಿಯ ರೋಗಕ್ಕೂ ಮನುಷ್ಯನ ಅರ್ಬುದಕ್ಕೂ ಏನು ಸಂಬಂಧವೆಂದರು. ಇಲಿಗಳಲ್ಲಿ ಆ ಪ್ರಯೋಗ ಫಲಿಸಲೂ ಇಲ್ಲ. ರೌಸರು ಅದನ್ನು ಕೈಬಿಟ್ಟು ರಕ್ತವನ್ನು ಕೆಡದಂತೆ ಕಾಪಿಡುವ ವಿಧಾನವನ್ನು ಅರಸಿದರು. ಅದು ಮೊದಲನೆಯ ಮಹಾಯುದ್ಧದ ಗಾಯಾಳುಗಳಿಗೆ ಒದಗಿತು. ನೊಬೆಲ್ ಬಹುಮಾನ ಬಂದದ್ದು 1966ರಲ್ಲಿ, ಅವರ 87ನೆಯ ವಯಸ್ಸಿನಲ್ಲಿ. ಇಷ್ಟು ದೀರ್ಘ ನಿರೀಕ್ಷೆಯನ್ನು ನಾವು ಬೇರೆ ವಿಜ್ಞಾನಿಗಳಲ್ಲಿ ಕಂಡುದು ವಿರಳ. 1970ರಲ್ಲಿ ತೀರಿಕೊಂಡರು.

ರೋಗದ ಮೂಲವು ಅನಂತರವೇ ಬಯಲಾಯಿತು. ಆ ರಸದಲ್ಲಿದ್ದ ವೈರಸ್ಸಿನ ‘ಸಾರ್ಕ್’ ಎಂಬ ವಂಶವಾಹಿಯು ಕೋಳಿಯಿಂದಲೇ ಬಂದುದೆಂದು ಬಿಷಪ್, ವಾರ್ಮಸ್ ಮತ್ತು ಸಂಗಡಿಗರು 1976ರಲ್ಲಿ ತೋರಿಸಿದರು. ಅದರ ಬಳಗ ನಮ್ಮ ದೇಹದಲ್ಲಿಯೂ ಉಂಟು. ಈ ಬಳಗದ ಪ್ರೋಟೀನುಗಳು ಕೋಶಗಳಿಗೆ ಬೆಳೆಯಲು ಸಂಜ್ಞೆ ಕೊಡುತ್ತವೆ. ಕೆಲಸವಿಲ್ಲದಾಗ ತಮ್ಮ ಬಾಲವನ್ನೇ ಒಳಕ್ಕೆ ಮಡಚಿ ಸುಮ್ಮನಿರುತ್ತವೆ, ರಾತ್ರಿ ಸೀತಾಬರ್ಡಿಯ ಅಂಗಡಿಗಳಿಗೆ ಬೀಗ ಬಿದ್ದಂತೆ. ವೈರಸ್ಸಿನ ಪ್ರತಿಯಲ್ಲಿ ಆ ಬಾಲದ ತುದಿಯೇ ಇಲ್ಲ. ಆದುದರಿಂದ ಸಂಜ್ಞೆ ನಿಲ್ಲದು. ಕೋಶಗಳು ಬೆಳೆಬೆಳೆದು ಗಡ್ಡೆಯಾಗುತ್ತವೆ.

ವಿಚಿತ್ರವೆಂದರೆ, ವಂಶವಾಹಿಗಳ ಮಾರ್ಪಾಟಿನಿಂದ ಅರ್ಬುದ ಹುಟ್ಟುವುದೆಂಬ ವಾದವನ್ನು ರೌಸರು ನೊಬೆಲ್ ಉಪನ್ಯಾಸದಲ್ಲಿಯೂ ಒಪ್ಪಿರಲಿಲ್ಲ.