ಥಂಡಿಯ ಬೆನ್ನು ಹತ್ತಿದ ವಿಜ್ಞಾನಿ

ದೊಡ್ಡ ಆಸ್ಪತ್ರೆಯ ಎಂ.ಆರ್.ಐ. ಯಂತ್ರದ ಹೊಟ್ಟೆಯಲ್ಲಿ ಸೊನ್ನೆಗಿಂತ 269 ಡಿಗ್ರಿ ಕೆಳಗಿನ ಥಂಡಿ ಇರುತ್ತದೆ ಅಂದ್ರೆ ನಂಬ್ತೀರಾ? ಅಂಥ ಥಂಡಿಯನ್ನು ಮೊದಲು ಮಾಡಿ ತೋರಿಸಿದವರು ಹೈಕೆ ಕ್ಯಾಮರ್ಲಿಂಗ್ ಓನ್ಸ್. ಅವರ ಬಗ್ಗೆ ನಾನು ಬರೆಯುತ್ತೇನೆ.

ಇವರು 1853ರ ಸೆಪ್ಟೆಂಬರ್ 21ರಂದು ನೆದರ್‌ಲ್ಯಾಂಡ್ಸ್ ದೇಶದ ಗ್ರೋನಿಂಗನ್ ಊರಿನಲ್ಲಿ ಹುಟ್ಟಿದರು. ತಂದೆಯವರದು ಇಟ್ಟಿಗೆ ಕಾರ್ಖಾನೆ. ಅಪ್ಪನದು ಬೆಂಕಿ ಕೆಲಸ, ಮಗನದು ಥಂಡಿ ಕೆಲಸ! 1882ರಲ್ಲಿ ಲೈಡನ್ ವಿಶ್ವವಿದ್ಯಾಲಯದ ಪ್ರೊಫೆಸರ್ ಆದರು. ಅಲ್ಲಿ ಅನಿಲಗಳನ್ನು ಒತ್ತಿ, ತಣಿಸಿ ದ್ರವ ಮಾಡುವ ಯಂತ್ರ ಕಟ್ಟಿದರು. ಅದು ಸಿಡಿದೀತು ಅಂತ ಊರವರು ಹೆದರಿದರು. 1807ರಲ್ಲಿ ಆ ಊರಲ್ಲಿ ಮದ್ದು ತುಂಬಿದ ಹಡಗು ಸಿಡಿದು ಬಹಳ ಜನ ಸತ್ತಿದ್ದರಂತೆ. ಅದಕ್ಕೇ 1895ರಿಂದ ಸುಮಾರು ಮೂರು ವರ್ಷ ಕೆಲಸ ಬಂದ್. ಊರವರದೇ ತಪ್ಪು ಅನ್ನಲಿಕ್ಕೂ ಬರುವುದಿಲ್ಲ.

ಓನ್ಸ್ ಅವರು ಗಾಜು ಊದುವುದನ್ನು, ಉಪಕರಣ ಮಾಡುವುದನ್ನು ಹುಡುಗರಿಗೆ ಕಲಿಸಲು ಶಾಲೆಯನ್ನೇ ತೆಗೆದರು. 1908ರ ಜುಲೈ 10ರಂದು ನಸುಕಿನಲ್ಲಿ ಶುರು ಮಾಡಿ ಸಂಜೆತನಕ ಹೀಲಿಯಂ ತಣಿಸಿದರು. ದ್ರವ ಬಂದಿತ್ತು, ಆದರೆ ಎಷ್ಟು ತಿಳಿ ಅಂದ್ರೆ ಯಾರಿಗೂ ಕಾಣಲಿಲ್ಲ! ಕೆಳಗಿನಿಂದ ದೀಪ ಹಿಡಿದ ಮೇಲೆ ಕಂಡಿತು.

1911ರ ಏಪ್ರಿಲ್ 8ರಂದು ಆ ಥಂಡಿಯಲ್ಲಿ ಪಾದರಸದೊಳಗೆ ಕರೆಂಟ್ ಹರಿಸಿದರು. ಸಾದಾ ತಂತಿಯಲ್ಲಿ ಕರೆಂಟಿಗೆ ತಡೆ ಇರುತ್ತದೆ, ಇಸ್ತ್ರಿ ಪೆಟ್ಟಿಗೆ ಬಿಸಿಯಾಗುವುದು ಅದರಿಂದಲೇ. ಪಾದರಸದಲ್ಲಿ ತಡೆಯೇ ಮಾಯ! ಇಂಥ ವಸ್ತುವಿಗೆ ಅತಿವಾಹಕ, ಅಂದ್ರೆ ಸೂಪರ್ ಕಂಡಕ್ಟರ್ ಅನ್ನುತ್ತಾರೆ. ಅಳತೆ ನೋಡಿದವರು ಗಿಲ್ಸ್ ಹೋಲ್ಸ್ಟ್. ಆದರೆ ಲೇಖನದ ಮೇಲೆ ಓನ್ಸ್ ಅವರ ಹೆಸರೊಂದೇ. ಇದು ನನಗೆ ಸರಿ ಅನಿಸಲಿಲ್ಲ. ಓನ್ಸ್ ಅವರಿಗೆ 1913ರಲ್ಲಿ ನೊಬೆಲ್ ಬಂತು. 1926ರ ಫೆಬ್ರವರಿ 21ರಂದು ತೀರಿಕೊಂಡರು.

ಎಂ.ಆರ್.ಐ.ದ ಅಯಸ್ಕಾಂತಕ್ಕೆ ಈಗ ಅತಿವಾಹಕ ತಂತಿಯನ್ನೇ ಸುತ್ತುತ್ತಾರೆ. ನನಗೆ ಹೆಚ್ಚು ಸೇರಿದ್ದು ಇನ್ನೊಂದು ಉಪಯೋಗ. ಅತಿವಾಹಕದ ತೆಳು ಪದರನ್ನು ತಡೆ ಮಾಯವಾಗುವ ಅಂಚಿನ ಮೇಲೇ ಇಡುತ್ತಾರೆ. ಒಂದೇ ಒಂದು ಎಕ್ಸರೇ ಕಣ ಬಡಿದರೂ ಅದು ಚೂರು ಬಿಸಿಯಾಗಿ ತಡೆ ತಟ್ಟನೆ ಏರುತ್ತದೆ. ಸಮ ನಿಂತ ತಕ್ಕಡಿಗೆ ಒಂದು ಜೋಳದ ಕಾಳು ಹಾಕಿದಂಗೆ! ಎಕ್ಸರೇ ಹೆಚ್ಚಾದರೆ ಮೈಗೆ ಅಪಾಯ. ಕಣಗಳು ಪೋಲಾಗದಂತೆ ಹಿಡಿದರೆ ಕಡಿಮೆ ಎಕ್ಸರೇಯಲ್ಲೇ ರೋಗಿಯ ಚಿತ್ರ ತೆಗೆಯಬಹುದು ಅಂತ ವಿಜ್ಞಾನಿಗಳ ಆಸೆ. ಆದರೆ ಅಷ್ಟು ಥಂಡಿ ಮಾಡುವುದೇ ದೊಡ್ಡ ಖರ್ಚು. 1987ರಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್.ಆರ್. ರಾವ್ ಮತ್ತು ಸಂಗಡಿಗರು ಸೊನ್ನೆಗಿಂತ ಸುಮಾರು 180 ಡಿಗ್ರಿ ಕೆಳಗೇ ಅತಿವಾಹಕವಾಗುವ ವಸ್ತು ಮಾಡಿದರು. ಅದಕ್ಕೆ ದ್ರವ ಸಾರಜನಕ ಸಾಕು, ಹೀಲಿಯಂಗಿಂತ ಬಹಳ ಸೋವಿ.

— 7ನೇ ತರಗತಿ, ಸವಣೂರು