ಅಮೀಬಾಗೆ ಹೆಸರಿಟ್ಟು ಅದಕ್ಕೇ ಬಲಿಯಾದ ವಿಜ್ಞಾನಿ

ಮನುಷ್ಯನ ಕರುಳಿನಲ್ಲಿ ನೆಲೆಸುವ ಅಮೀಬಾಗಳೆಲ್ಲವೂ ರೋಗಕಾರಕವಲ್ಲ ಎಂಬುದನ್ನು ವೈದ್ಯಲೋಕಕ್ಕೆ ಮನಗಾಣಿಸಿದವರಲ್ಲಿ ಜರ್ಮನಿಯ ಫ್ರಿಟ್ಜ್ ಶೌಡಿನ್ ಪ್ರಮುಖರು. 1871ರಲ್ಲಿ ಪೂರ್ವ ಪ್ರಷ್ಯಾದಲ್ಲಿ ಜನಿಸಿದ ಅವರು, ಭಾಷಾಶಾಸ್ತ್ರ ಓದಲೆಂದು ಬರ್ಲಿನ್ ವಿಶ್ವವಿದ್ಯಾಲಯ ಸೇರಿ ಬಳಿಕ ಪ್ರಾಣಿಶಾಸ್ತ್ರದತ್ತ ಹೊರಳಿದರು.

ಆಮಶಂಕೆ ರೋಗಿಯ ಮಲದಲ್ಲಿ ಅಮೀಬಾಗಳಿರುವುದನ್ನು ರಷ್ಯಾದ ವೈದ್ಯ ಫ್ಯೋದರ್ ಲೋಷ್ 1875ರಲ್ಲಿಯೇ ವರದಿ ಮಾಡಿದ್ದರು. ಆದರೆ ಆರೋಗ್ಯವಂತರಲ್ಲಿಯೂ ಅಮೀಬಾ ಕಂಡುಬರುತ್ತಿದ್ದುದರಿಂದ ಗೊಂದಲ ಉಳಿದಿತ್ತು. ಇಂದು ಕ್ರೊಯೇಷಿಯಾಕ್ಕೆ ಸೇರಿರುವ ರೊವಿನ್ಯೊ ಪಟ್ಟಣದ ಪ್ರಾಣಿಶಾಸ್ತ್ರ ಕೇಂದ್ರದಲ್ಲಿದ್ದ ಶೌಡಿನ್, 1903ರಲ್ಲಿ ಎರಡು ಪ್ರಭೇದಗಳನ್ನು ಬೇರ್ಪಡಿಸಿದರು. ಎಂಟಮೀಬಾ ಕೋಲಿ ನಿರುಪದ್ರವಿ. ಕರುಳಿನ ಭಿತ್ತಿಯನ್ನು ಕೊರೆಯುವ ಇನ್ನೊಂದಕ್ಕೆ, ಅಂಗಾಂಶ ಕರಗಿಸುವಂಥದ್ದು ಎಂಬರ್ಥದಲ್ಲಿ, ಎಂಟಮೀಬಾ ಹಿಸ್ಟೊಲಿಟಿಕಾ ಎಂದು ಹೆಸರಿಟ್ಟರು. ಅಮೀಬಾ ಕುರಿತ ಪ್ರಯೋಗಗಳಿಗೆ ಅವರು ತಮ್ಮ ದೇಹವನ್ನೇ ಒಡ್ಡಿಕೊಂಡಿದ್ದರು.

1905ರಲ್ಲಿ ಬರ್ಲಿನ್‌ನಲ್ಲಿ ಎರಿಕ್ ಹಾಫ್‌ಮನ್ ಜತೆಗೂಡಿ ಸಿಫಿಲಿಸ್ ರೋಗಾಣುವನ್ನು ಪತ್ತೆಹಚ್ಚಿದಾಗ ಅವರ ಕೀರ್ತಿ ಜಗದಗಲ ಹಬ್ಬಿತು. ಅದನ್ನು ಅನುಭವಿಸುವ ಆಯುಸ್ಸು ಮಾತ್ರ ಇರಲಿಲ್ಲ. ಮರುವರ್ಷ ಲಿಸ್ಬನ್‌ನ ವೈದ್ಯಕೀಯ ಸಮ್ಮೇಳನದಿಂದ ಮರಳುವಾಗ ಅಮೀಬಾ ಸೋಂಕಿನಿಂದಾದ ಕುರು ಉಲ್ಬಣಿಸಿತು. ಶಸ್ತ್ರಚಿಕಿತ್ಸೆ ಫಲಿಸದೆ, 1906ರ ಜೂನ್ 22ರಂದು ಹ್ಯಾಂಬರ್ಗ್‌ನಲ್ಲಿ ನಿಧನರಾದರು. ಆಗ ಅವರ ವಯಸ್ಸು ಕೇವಲ 34.

ಶೌಡಿನ್ ಎಳೆದ ಗೆರೆಯನ್ನು ನಂತರದ ವಿಜ್ಞಾನ ಇನ್ನಷ್ಟು ಸೂಕ್ಷ್ಮಗೊಳಿಸಿತು. ಸೂಕ್ಷ್ಮದರ್ಶಕದಲ್ಲಿ ಹಿಸ್ಟೊಲಿಟಿಕಾದಂತೆಯೇ ಕಾಣುವ, ಆದರೆ ರೋಗ ತರದ ಎಂಟಮೀಬಾ ಡಿಸ್ಪಾರ್ ಪ್ರತ್ಯೇಕ ಪ್ರಭೇದವೆಂದು 1993ರಲ್ಲಿ ನಿರೂಪಿತವಾಯಿತು. ಕಂಡ ಅಮೀಬಾ ಅಪಾಯಕಾರಿಯೇ ಅಲ್ಲವೇ ಎಂಬ ಶೌಡಿನ್ ಅವರ ಪ್ರಶ್ನೆ ಇಂದಿಗೂ ಚಿಕಿತ್ಸೆಗೆ ಮುನ್ನ ವೈದ್ಯರ ಎದುರು ನಿಲ್ಲುತ್ತದೆ.